ಕಾಂಪೌಂಡಿನ ನೇರಳೆ ಮರ

ಕಾಕ್ಸ್‌ಟೌನಿನ ಬೇಕರಿಯಲ್ಲಿ ಬನ್ನಿಗೆ ಕಾಯುತ್ತಿದ್ದೆ. ನನ್ನ ಮುಂದೆ ಒಂದೇ ಅಪಾರ್ಟ್‌ಮೆಂಟಿನ ಇಬ್ಬರು ತಾಯಂದಿರು ನಿಂತಿದ್ದರು.

"ಮಗಳನ್ನ ಅಡ್ವೆಂಚರ್ ಕ್ಯಾಂಪಿಗೆ ಸೇರಿಸಿದೀನಿ, ವಾಜಿದಾ. ಮರ ಹತ್ತೋದು ಕಲಿಸ್ತಾರೆ."

"ನಮ್ ಕಾಂಪೌಂಡಲ್ಲೇ ನೇರಳೆ ಮರ ಹತ್ತುತಿದ್ಲಲ್ರೀ ರಂಜನಾ, ನಮ್ ಇಕ್ರಾ ಜೊತೆ."

"ಇಕ್ರಾ ಬಿದ್ಲಲ್ಲ, ಅದಕ್ಕೇ ತಾನೆ ಅಸೋಸಿಯೇಷನ್ ಮೀಟಿಂಗಲ್ಲಿ ನಾನು ಮರ ಕಡಿಸೋಣ ಅಂದಿದ್ದು."

"ಮಂಡಿ ತರಚಿತ್ತು, ಅಷ್ಟೆ. ನಾನು ಬೇಡ ಅಂದೆ."

"ಮಕ್ಕಳು ಬಿದ್ರೇನೇ ಧೈರ್ಯ ಬರೋದಂತೆ, ಕ್ಯಾಂಪಿನವರು ಹೇಳ್ತಾರೆ. ಇಕ್ರಾನೂ ಕಳಿಸಿ, ಜೊತೆಯಾಗುತ್ತೆ."

"ಯಾವ ಜೊತೆ? ಇಕ್ರಾಳಿಂದಾನೇ ಮರ ಹೋಯ್ತು ಅಂತ ನಿಮ್ ಮಗಳು ಅವಳನ್ನ ಆಟಕ್ಕೇ ಸೇರಿಸ್ತಿಲ್ಲ. ಹಾಗಂತ ಹೇಳಿಕೊಟ್ಟಿದ್ಯಾರು?"

"ಮರ ಎಲ್ಲಿ ಅಂತ ಒಂದೇ ಸಮ ಅಳ್ತಿದ್ಲು. ಏನಾದ್ರೂ ಹೇಳ್ಬೇಕಿತ್ತಲ್ಲ," ಎಂದು ರಂಜನಾ ತಮ್ಮ ಪೊಟ್ಟಣ ಎತ್ತಿಕೊಂಡು ಹೊರಟರು.