ಪುರೇ ಎಂದದ್ದು ಪೂರಿಯಾದ ದಿನ

ಶಿವಪ್ರಕಾಶರೇ, ಮನೆಯ ಹಿರಿಯರೇ, ಖಡಕಿಯ ನಮ್ಮ ಶುಗರ್ ಕ್ಲಿನಿಕ್ಕಿನ ಬಂಧುಗಳೇ — ಎಲ್ಲರಿಗೂ ನಮಸ್ಕಾರ. ಮಾಧುರಿ ಮೇಡಂ ತೀರಿಹೋಗಿ ಇವತ್ತಿಗೆ ಹನ್ನೊಂದು ದಿನ. ಶಿವಪ್ರಕಾಶರೇ, ಅವರ ಯಜಮಾನರಾದ ತಾವು ನನ್ನನ್ನು ಮಾತಾಡಲು ನಿಲ್ಲಿಸಿದ್ದೀರಿ. ನಾನು ಚಲುವರಾಜು, ಅವರ ಕೋಣೆಯ ಹೊರಗೆ ಕೂತು ಚೀಟಿ ಬರೆಯುವವನು. ದೊಡ್ಡ ಮಾತು ನನಗೆ ಬರುವುದಿಲ್ಲ — ಉಪಕಾರದ ನೆನಪಿದೆ, ಅಷ್ಟನ್ನು ಹೇಳುತ್ತೇನೆ.

ನಾನು ಮಂಡ್ಯದಿಂದ ಇಲ್ಲಿಗೆ ಬಂದ ಹೊಸದು. ಮರಾಠಿ ಅಷ್ಟಕ್ಕಷ್ಟೇ. ರೋಗಿಗಳು ಏನು ತಿನ್ನಬೇಕು ಅಂತ ಹೇಳುವವರು ಮೇಡಂ; ನಿನ್ನೆ ಏನು ತಿಂದಿರಿ ಅಂತ ಮೊದಲೇ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ದೇಹೂ ರೋಡಿನ ಸುಲಭಾ ಅಜ್ಜಿಯನ್ನು ಕೇಳಿದೆ. ಯಾವ ಹೊತ್ತಿನದು ಕೇಳಿದರೂ ಅಜ್ಜಿ ಕೈ ಹೀಗೆ ಆಡಿಸಿ, "ಪುರೇ ಬಾಬಾ, ಪುರೇ!" ಅಂದರು. ನಾನು ಬರೆದೆ — ಬೆಳಿಗ್ಗೆ ಪೂರಿ, ಮಧ್ಯಾಹ್ನ ಪೂರಿ, ರಾತ್ರಿನೂ ಪೂರಿ! ನಗಿ, ಪರವಾಗಿಲ್ಲ. ಮೇಡಂ ಕೂಡ ನಕ್ಕರು.

"ಏನ್ರೀ ಚಲುವರಾಜು, ಈ ಅಜ್ಜಿ ಮೂರೂ ಹೊತ್ತು ಕರದದ್ದ ತಿಂತಾಳಂತ?" ಅನ್ನುತ್ತಾ ಅಜ್ಜಿಯ ಪಕ್ಕ ಕೂತು ಮರಾಠಿಯಲ್ಲಿ ವಿಚಾರಿಸಿದರು. ಆಮೇಲೆ ಅವರ ನಗು ನಿಂತಿತು. ಪುರೇ ಅಂದರೆ ಮರಾಠಿಯಲ್ಲಿ ಸಾಕು. ಅಜ್ಜಿಗೆ ಬದುಕೇ ಸಾಕಾಗಿತ್ತು. ತನ್ನೊಬ್ಬಳಿಗೆ ಯಾಕೆ ಒಲೆ ಹಚ್ಚುವುದು ಅಂತ ಚಹಾ, ಬಿಸ್ಕತ್ತಿನಲ್ಲೇ ದಿನ ತಳ್ಳುತ್ತಿದ್ದರು.

ಮರುದಿನದಿಂದ ನಮ್ಮ ಚೀಟಿಯ ಮೊದಲ ಪ್ರಶ್ನೆ ಬದಲಾಯಿತು — ನಿನ್ನೆ ನಿಮಗೆ ಏನು ಒಳ್ಳೆಯದಾಯಿತು? ಊಟದ ಪ್ರಶ್ನೆ ಆಮೇಲೆ. ನಾನು ಗೊಣಗಿದೆ, "ಮೇಡಂ, ಖುಷಿಯಾಗಿದ್ರೆ ಶುಗರ್ ಇಳಿಯುತ್ತಾ?"

"ಖುಷಿ ಗುಳಿಗಿ ಅಲ್ರೀ. ಆದ್ರ ತನ್ನ ಜೀವದ ಮ್ಯಾಲೆ ಅಕ್ಕರೆ ಇದ್ದಾವ ಗುಳಿಗಿ ಮರಿಯೂದಿಲ್ಲ, ಪಲ್ಯಾನೂ ಬಿಡೂದಿಲ್ಲ."

ಈ ಮಾತು ನನಗೆ ನಾಟಿದ್ದು ತಡವಾಗಿ. ಶುಗರ್ ಕ್ಲಿನಿಕ್ಕಿನ ನನಗೇ ಶುಗರ್! ಹೀಗೇ ಬಿಟ್ಟರೆ ಕಣ್ಣು ಹೋಗುತ್ತದೆ ಅಂತ ಡಾಕ್ಟರು ಗದರಿಸಿದ್ದರು. ಆದರೂ ಸೈಕಲ್ ಸ್ಟ್ಯಾಂಡಿನ ಹಿಂದೆ ಕದ್ದು ಜಿಲೇಬಿ ತಿನ್ನುತ್ತಿದ್ದೆ. ತಿಂದು, ಥೂ ನಿನ್ನ ಜನ್ಮಕ್ಕೆ ಅಂತ ಬೈದುಕೊಳ್ಳುವುದು — ಆ ಬೇಜಾರಿಗೆ ಇನ್ನೆರಡು ತಿನ್ನುವುದು. ಒಂದು ದಿನ ಮೇಡಂ ನೋಡಿಬಿಟ್ಟರು. ಕೈತುಂಬ ಪಾಕ, ಹೀಗೇ ನಿಂತಿದ್ದೆ.

"ತಿಂದ್ರೀ? ಆತು ಬಿಡ್ರೀ. ನಿಮ್ಮ ಗೆಳ್ಯಾ ತಿಂದಿದ್ರ ಅವಂಗ ಹಿಂಗ ಬೈತಿದ್ರೇನು? ಕೈ ತೊಳಕೊಂಡ ಬರ್ರಿ, ರೊಟ್ಟಿ ಅದ, ಕೂಡೇ ಉಣ್ಣೂಣು."

ಅಷ್ಟೇ — ಉಪದೇಶವಿಲ್ಲ, ಏನಿಲ್ಲ. ಅವತ್ತಿನಿಂದ ಏನು ತಿಂದರೂ ಅವರಿಗೆ ಹೇಳುತ್ತಿದ್ದೆ. ಹೇಳಲು ಶುರು ಮಾಡಿದ ಮೇಲೆ ತಿನ್ನುವುದೇ ಕಡಿಮೆಯಾಯಿತು. ಗುಳಿಗೆ ತಪ್ಪಲಿಲ್ಲ, ಬೆಳಗಿನ ನಡಿಗೆ ತಪ್ಪಲಿಲ್ಲ. ಎರಡು ವರ್ಷವಾಯಿತು, ನನ್ನ ಕಣ್ಣು ಉಳಿದಿದೆ. ಕೊನೆಯ ಸಾಲಿನಲ್ಲಿ ಕೂತವರ ಮುಖವೂ ನನಗೆ ಕಾಣುತ್ತಿದೆ.

ಆದರೆ — ಸುಳ್ಳು ಹೇಳಬಾರದು. ಮೇಡಂ ಹೋದ ಮೇಲೆ ಮತ್ತೆ ಕದ್ದು ತಿನ್ನಲು ಶುರು ಮಾಡಿದ್ದೇನೆ. ನಿನ್ನೆ ನಾಲ್ಕು ಪೇಡೆ ತಿಂದೆ, ಡಬ್ಬಿಯನ್ನು ಬಟ್ಟೆಯ ಕೆಳಗೆ ಬಚ್ಚಿಟ್ಟೆ. ಯಾರಿಗೆ ಹೇಳಲಿ?

ಮೂರನೇ ಸಾಲಿನಲ್ಲಿ ನನ್ನ ಹೆಂಡತಿ ಶಾಲಿನಿ ಕೂತಿದ್ದಾಳೆ. ಶಾಲಿನಿ — ಇನ್ನು ಮೇಲೆ ನಿನಗೆ ಹೇಳುತ್ತೇನೆ. ಬೈಬೇಡ ಕಣೇ.

ದಯವಿಟ್ಟು ಎಲ್ಲರೂ ಏಳಿ. ಮಾಧುರಿ ಮೇಡಂಗಾಗಿ ಒಂದು ನಿಮಿಷ ಮಾತು ಬಿಟ್ಟು ನಿಲ್ಲೋಣ.