ಒಂದೇ ಮೈ ಕೀಸಿದ ಹಲಗೆ

...ಅಯ್ಯೋ, ಆ ಹಲಗೆ ಮುಟ್ಟಬೇಡ ಅಣ್ಣ! ಅಲ್ಲೇ ಬಿಡು. ನೀನು ನಿನ್ನ ಸಾಮಾನು ತುಂಬ್ಕೋ. ಹೊರಗೆ ಗಾಡಿಯವನು ಆಗ್ಲೇ ಹಾರನ್ ಹೊಡೆದಾಯ್ತು. ಹೊಸ ಅಂಗಡಿಗೆ ಹೊತ್ತಾಗುತ್ತೆ ನಿಂಗೆ.

ಯಾಕೆ ನಗ್ತೀಯಾ? ಸೊಟ್ಟ ಆಗಿದೆ ಅಂತಾನಾ? ನಗು, ನಗು. ದರಿದ್ರ ಪ್ಲೈವುಡ್ಡು! ಪುಟ್ಟ ಪೆಟ್ಟಿಗೆಗೆ ಮುಚ್ಚಳ ಬೇಕಿತ್ತು, ಅಂಚಿನ ಜಾಡಿನಲ್ಲಿ ಒಳಗೆ ಜಾರೋ ಅಂಥದ್ದು. ಅಷ್ಟು ತೆಳ್ಳಂದು ಎಲ್ಲೂ ಸಿಗಲಿಲ್ಲ. ಅದಕ್ಕೇ ದಪ್ಪದ್ದನ್ನೇ ತಗೊಂಡು... ಬೆಳಗ್ಗೆಯಿಂದ ಕೀಸಿದ್ದೇ ಕೀಸಿದ್ದು! ಯಾರಿಗಾ? ಯಾರೋ ಗಿರಾಕಿಗೆ. ನಿಂಗ್ಯಾಕೆ ಅದೆಲ್ಲ?

ಗೊತ್ತು, ಗೊತ್ತು, ಆ ಮುಖ ಮಾಡಬೇಡ. ಒಂದು ಕಡೆ ಎಷ್ಟು ಪದರ ತೆಗೀತೀವೋ ಇನ್ನೊಂದು ಕಡೆನೂ ಅಷ್ಟೇ ತೆಗೀಬೇಕು, ಇಲ್ಲಾಂದ್ರೆ ಹಲಗೆ ಬಾಗುತ್ತೆ. ನೀನೇ ಕಲಿಸಿದ್ದು, ತಲೆಗೆ ಮೊಟಕಿ ಮೊಟಕಿ. ಮರೆತುಹೋಯ್ತು, ಅಷ್ಟೇ! ಕೀಸುಳಿ ಬೇರೆ ಮೊಂಡಾಗಿತ್ತು... ಬಿಸಿಲಲ್ಲಿ ಇಟ್ಟಿದ್ದೆ... ಅಂಟೂ ಸರಿ ಇಲ್ಲ... ಏನು ಹಾಗೆ ದಿಟ್ಟಿಸ್ತೀಯಾ? ನಾನು ಮರೀಬಾರ್ದಾ?

ಬೋರ್ಡಾ? ಬಾಗಿಲ ಮೇಲಿತ್ತಲ್ಲ, ನಮ್ಮ ಬೋರ್ಡು? ನಿನ್ನೆನೇ ಹೇಳಿದೆನಲ್ಲ, ಸೀಳಿ ಒಲೆಗೆ ಹಾಕ್ದೆ ಅಂತ. ಅಂಗಡಿ ಪಾಲಾದ ಮೇಲೆ ಅದ್ಯಾಕೆ? ಪಾಲು ಕೇಳಿದ್ದೇ ನಾನು, ನೆನಪಿದೆ ತಾನೇ? ಹಾಯಾಗಿರ್ತೀನಿ. ಇಷ್ಟು ದೊಡ್ಡ ಜಾಗ, ನಾನೊಬ್ನೇ! ನಿನ್ನ ಗೊಣಗಾಟ ಇಲ್ಲ, ಉಪ್ಪುಕಾಗದ ದಂಡ ಮಾಡ್ಬೇಡ್ವೋ ಅನ್ನೋರಿಲ್ಲ, ನಿನ್ನ ಕೆಮ್ಮು ಇಲ್ಲ... ಕೆಮ್ಮಿಗೆ ಔಷಧಿ ತಗೋತಿದೀಯಾ? ಇರ್ಲಿ ಬಿಡು. ನಂಗ್ಯಾಕೆ.

ಅಣ್ಣ, ತಿರುಗಿಸಬೇಡ. ಬೇಡ ಅಂದ್ನಲ್ಲ! ಗಿರಾಕಿ ಸಾಮಾನು ಅದು, ಕೊಡಿಲ್ಲಿ...

ತಿರುಗಿಸೇಬಿಟ್ಯಾ.

ಹೂಂ, ನಮ್ಮ ಬೋರ್ಡೇ. ನೀನೇ ಬರೆದಿದ್ದು. 'ಸಹೋದರರು'. ಆ 'ದ' ನೋಡು, ಒಂಚೂರು ಮೇಲಕ್ಕೆ ಹತ್ತಿದೆ. ನಾನು ಏಣಿ ಹಿಡ್ಕೊಂಡು ನಗ್ತಾ ಅಲ್ಲಾಡಿಸಿದ್ದಕ್ಕೆ... ಎಷ್ಟು ಬೈದಿದ್ದೆ ನೀನು ಅವತ್ತು! ಆ ಕಡೆ ಕೀಸುಳಿ ಇಟ್ಟೂ ನೋಡ್ದೆ, ಅಣ್ಣ. ಕೈ ಓಡಲಿಲ್ಲ.

ಗಿರಾಕಿ ಯಾರೂ ಇಲ್ಲ. ನಿನ್ನ ಸಣ್ಣ ಉಳಿಗಳಿಗೆ ಅಂತ ಪೆಟ್ಟಿಗೆ. ಅಕ್ಷರ ಒಳಮೈಗೆ ಬರುತ್ತೆ, ನೀನು ತೆಗೆದಾಗ ಮಾತ್ರ ಕಾಣೋ ಹಾಗೆ. ಮುಚ್ಚಳ ಕೂರ್ತಿಲ್ಲ, ಅಷ್ಟೇ...

ಏನಾದ್ರೂ ಅನ್ನು. ದಡ್ಡ ಅನ್ನು. ಒಂದು ಸಲ ಮೊಟಕಾದ್ರೂ ಮೊಟಕು...

ಅಣ್ಣ, ಗಾಡಿಯವನು ಕೂಗ್ತಿದಾನೆ. ಕೇಳಿಸ್ತಿಲ್ವಾ?