ಹೊಗೆ ನುಂಗುವ ಬಿಟ್ಟಿ ಆಳುಗಳು

ಎದೆ ಡಾಕ್ಟರರ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ ಟೈಲರಮ್ಮನಿಗೆ ಪಕ್ಕದ ಬೆಂಚಿನ ಅಕ್ಕ-ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಶ್ವಾಸಕೋಶದಲ್ಲಿ ಮ್ಯಾಕ್ರೋಫೇಜ್ ಅಂತ ಜೀವಕೋಶ ಇವೆ ಅಕ್ಕ. ಸಿಗರೇಟಿನ ಮಸಿ, ಧೂಳು ಎಲ್ಲಾ ನುಂಗಿಹಾಕ್ತವೆ.”

“ನೀನು ಕುಡಿಯೋದಕ್ಕೆ?”

“ಲಿವರಲ್ಲಿ ಅವುಗಳದ್ದೇ ಬೇರೆ ಪಂಗಡ. ರಕ್ತದ ಕೊಳೆ ತೆಗೀತವೆ.”

“ತಲೇಲಿ?”

“ಅಲ್ಲೂ ಇವೆ. ಬೇಡದ್ದನ್ನ ಗುಡಿಸ್ತವೆ.”

“ನಿನ್ನ ತಲೇಲಿ ಬೇಕಾದ್ದನ್ನೂ ಗುಡಿಸಿಬಿಟ್ಟಿವೆ ಬಿಡು. ಅಲ್ವೋ, ಇಷ್ಟು ವರ್ಷ ಹೊಗೆ ತಿನ್ನಿಸಿದ್ರೆ ಅವಕ್ಕೂ ಸುಸ್ತಾಗಲ್ವಾ?”

ತಮ್ಮ ನಗಲು ಹೋಗಿ ಕೆಮ್ಮಿದ. ಕರವಸ್ತ್ರ ನೋಡಿಕೊಂಡು ಬೇಗ ಮಡಚಿಟ್ಟ. ಅಷ್ಟರಲ್ಲಿ ನರ್ಸ್ ಅವನನ್ನು ಒಳಗೆ ಕರೆದಳು.

“ಹೋಗು, ನಾನಿಲ್ಲೇ ಕೂತಿರ್ತೀನಿ.”

“ಅಕ್ಕಾ... ನೀನೂ ಬಾ.”

ಅಕ್ಕ ಗೊಣಗುತ್ತಲೇ ಎದ್ದು ಅವನ ಕೈ ಹಿಡಿದುಕೊಂಡಳು. ಇಬ್ಬರೂ ಒಳಗೆ ಹೋದರು.